ಹೊಟ್ಟೆಯ ಮೇಲಿನ ಹಳದಿ ಪಟ್ಟಿ

ನಾನು ಒಂದು ಲ್ಯಾಪ್‌ಟಾಪ್. ಹುಟ್ಟಿದ ಕಾರ್ಖಾನೆಯಿಂದ ನನ್ನನ್ನು ಸುಮ್ಮನೆ ಹೊರಗೆ ಕಳಿಸಲಿಲ್ಲ, ಪರೀಕ್ಷೆ ಮಾಡಿ ಕಳಿಸಿದರು. ನಲವತ್ತು ಡಿಗ್ರಿ ಬಿಸಿಯಿದ್ದ ಕೋಣೆಯಲ್ಲಿ ಎಂಟು ತಾಸು ಬಿಡುವಿಲ್ಲದೆ ಓಡಿಸಿದರು. ನಾನು ಒಮ್ಮೆಯೂ ಆರಿಹೋಗಲಿಲ್ಲ. ನನ್ನ ಹೊಟ್ಟೆಯ ಮೇಲೆ ನಲವತ್ತೆರಡು ಸಣ್ಣ ಸೀಳುಗಳಿವೆ. ಒಳಗಿನ ಫ್ಯಾನು ಅವುಗಳಿಂದ ತಣ್ಣನೆಯ ಗಾಳಿ ಎಳೆದುಕೊಂಡು, ಬಿಸಿಯಾದ ಗಾಳಿಯನ್ನು ಎಡಮಗ್ಗುಲಿನಿಂದ ಹೊರಗೆ ಬಿಡುತ್ತದೆ. ನನ್ನ ಉಸಿರಾಟ ಇಷ್ಟೇ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ನನ್ನ ಮೇಲೂ ನನ್ನನ್ನು ಹಿಡಿದ ಮಕ್ಕಳ ಮೇಲೂ ಬಂದ ಅಪವಾದವೆಲ್ಲ, ಈ ಸೀಳುಗಳನ್ನು ಯಾರೂ ನೋಡದೆ ಹೋದದ್ದರಿಂದ ಬಂದದ್ದು.

ನಾವು ಹನ್ನೆರಡು ಮಂದಿ ಒಡಹುಟ್ಟಿದವರು ಕಲ್ಲಗನೂರಿನ ಸರ್ಕಾರಿ ಪ್ರೌಢಶಾಲೆಗೆ ಬಂದೆವು. ಮಕ್ಕಳು ವರ್ಷಪೂರ್ತಿ ಮನೆಗೆ ಒಯ್ದು ಓದಲಿ, ವರ್ಷದ ಕೊನೆಗೆ ಹಿಂದಿರುಗಿಸಲಿ ಎಂದು ಕಳಿಸಿದ್ದರು. ಆ ಶಾಲೆಯಲ್ಲಿ ಯಾವ ವಸ್ತು ಬಂದರೂ ಮೊದಲು ಅದರ ಮೇಲೆ ಬಣ್ಣದಲ್ಲಿ ನಂಬರ್ ಬರೆಯಬೇಕು. ಬೆಂಚು, ಕುರ್ಚಿ, ನೀರಿನ ಡ್ರಮ್ಮು, ಹಾರ್ಮೋನಿಯಂ, ಯಾವುದಕ್ಕೂ ವಿನಾಯಿತಿ ಇಲ್ಲ. ಅಲ್ಲಿಯ ಗ್ಲೋಬಿನ ಪೆಸಿಫಿಕ್ ಸಾಗರದ ತುಂಬ ಶಾಲೆಯ ಹೆಸರಿದೆ.

ಬರೆಯುವ ಕೆಲಸ ಜವಾನ ದ್ಯಾಮಣ್ಣನದು. ಅವನ ಅಕ್ಷರಗಳು ಮುದ್ದಾಗಿದ್ದವು. ಅವನು ನನ್ನನ್ನು ಮಗುಚಿ ಹಾಕಿ, ಬೆರಳಿನಿಂದ ಮೈಯೆಲ್ಲ ತಡವಿ ನೋಡಿದ.

"ನುಣ್ಣಗ ಇದ್ದಲ್ಲಿ ಬಣ್ಣ ನಿಲ್ಲಾಂಗಿಲ್ರೀ ಸರ್. ಇಲ್ಲಿ ಜಾಳಗಿ ಐತಿ ನೋಡ್ರಿ, ಚಲೋ ಕಚ್ಚಿಕೊಂತೈತಿ."

"ಎಲ್ಲ್ಯಾರ ಬರಿಯಪ್ಪ. ಅಕ್ಷರ ಮಾತ್ರ ದೊಡ್ಡು ಇರಲಿ, ತಪಾಸಣಿಗೆ ಬಂದವರಿಗೆ ಕಾಣಬೇಕು," ಎಂದರು ಬಳಿಗಾರ ಸರ್. ಅವರು ಆಟ ಕಲಿಸುವ ಮಾಸ್ತರು. ಕಂಪ್ಯೂಟರ್ ಉಸ್ತುವಾರಿಯೂ ಅವರ ಕೊರಳಿಗೇ ಬಿದ್ದಿತ್ತು.

ದ್ಯಾಮಣ್ಣ ನನ್ನ ಸೀಳುಗಳ ಮೇಲೆ ಹಳದಿ ಬಣ್ಣದ ದಪ್ಪ ಪಟ್ಟಿ ಬಳಿದ. ಅದು ಒಣಗಿದ ಮೇಲೆ ಕರಿ ಬಣ್ಣದಲ್ಲಿ ಶಾಲೆಯ ಹೆಸರನ್ನೂ ಏಳು ಎಂಬ ಅಂಕಿಯನ್ನೂ ಬರೆದ. ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ ಸಂತೋಷಪಟ್ಟ. ಉಳಿದ ಹನ್ನೊಂದಕ್ಕೂ ಹಾಗೆಯೇ ಬಳಿದು ಬರೆದ. ನನಗೆ ಅವನ ಮೇಲೆ ಸಿಟ್ಟಿಲ್ಲ. ನನ್ನ ಜೊತೆ ಬಂದ ಪುಸ್ತಕದಲ್ಲಿ ಆ ಸೀಳುಗಳನ್ನು ಮುಚ್ಚಬೇಡಿ ಎಂದು ಚಿತ್ರಸಮೇತ ಅಚ್ಚಾಗಿತ್ತು. ಆ ಪುಸ್ತಕ ಕಳೆದುಹೋಗದಿರಲಿ ಎಂದು ಬಳಿಗಾರ ಸರ್ ಅದನ್ನು ಬಿಚ್ಚದೆಯೇ ಅಲ್ಮೇರಾದಲ್ಲಿಟ್ಟು ಕೀಲಿ ಹಾಕಿದರು. ನನ್ನ ಸಿಟ್ಟು ಆ ಕೀಲಿಯ ಮೇಲೆ.

ನನ್ನನ್ನು ಮೊದಲು ಮನೆಗೊಯ್ದವನು ಈರಪ್ಪ ಎಂಬ ಹುಡುಗ. ನನಗೆ ಚುಚ್ಚಬಾರದೆಂದು ಅಜ್ಜಿಯ ಕೌದಿಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅಳಿದುಳಿದ ಗಾಳಿಯನ್ನು ಕೌದಿ ತಡೆಯಿತು. ಒಂಬತ್ತನೆಯ ನಿಮಿಷಕ್ಕೆ ನಾನು ಕಣ್ಣುಮುಚ್ಚಿದೆ. ಸುಟ್ಟುಹೋಗುವ ಬದಲು ಆರಿಹೋಗು ಎಂದು ನನಗೆ ಕಲಿಸಿದ್ದಾರೆ. ಅದು ರೋಗವಲ್ಲ, ನನ್ನ ಜಾಗರೂಕತೆ.

"ಸಿನಿಮಾ ಹಾಡು ತುಂಬಿಯೇನಲೇ? ವೈರಸ್ ಬಂದೈತಿ," ಎಂದರು ಬಳಿಗಾರ ಸರ್, ಅವನು ನನ್ನನ್ನು ಶಾಲೆಗೆ ತಂದು ತೋರಿಸಿದಾಗ.

"ಇಲ್ರೀ ಸರ್, ಆಣಿ ಮಾಡಿ ಹೇಳ್ತೀನ್ರೀ."

"ಮತ್ತ ಹೊಸಾದು ತಾನ ಕೆಡತೈತೇನು?"

ಶಾಲೆಯ ಸಾಮಾನುಗಳ ರಿಜಿಸ್ಟರಿನಲ್ಲಿ 'ಕೆಟ್ಟ ಕಾರಣ' ಎಂಬ ಒಂದು ಕಾಲಮ್ಮಿದೆ. ಅದರಲ್ಲಿ ಅವರು 'ವಿದ್ಯಾರ್ಥಿ ಈರಪ್ಪನ ನಿಷ್ಕಾಳಜಿ' ಎಂದು ಕೆಂಪು ಶಾಯಿಯಲ್ಲಿ ಬರೆದರು. ಓರಗೆಯವರು ಅವನನ್ನು 'ಕೆಡಿಸೋ ಈರ್ಯಾ' ಎಂದು ಕರೆದರು. ಅವನು ಮತ್ತೆ ಕಂಪ್ಯೂಟರ್ ಕೋಣೆಯ ಕಡೆ ತಲೆ ಹಾಕಲಿಲ್ಲ.

ನನಗೆ ನಡೆದ ಚಿಕಿತ್ಸೆಗಳನ್ನೂ ಹೇಳಬೇಕು. ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರು. ಚಾರ್ಜರ್ ಬದಲಿಸಿದರು. ಬೆನ್ನಿಗೆ ಎರಡು ಬಾರಿ ತಟ್ಟಿದರು. ಪೇಟೆಯ ಅಂಗಡಿಗೆ ಒಯ್ದು ನೆನಪನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಿದರು. ಪ್ರತಿಸಲವೂ ನಾನು ಎದ್ದೆ. ಪ್ರತಿಸಲವೂ "ರಿಪೇರಿ ಆತು" ಎಂದರು. ಅಷ್ಟು ಹೊತ್ತಿಗೆ ತಣ್ಣಗಾಗಿದ್ದೆ, ಅದಕ್ಕೇ ಎದ್ದೆ. ಹತ್ತು ನಿಮಿಷ ನೋಡಿ ಮುಚ್ಚಿಟ್ಟವರಿಗೆ ಇಪ್ಪತ್ತನೆಯ ನಿಮಿಷದಲ್ಲಿ ಏನಾಗುತ್ತದೆಂದು ಗೊತ್ತಾಗುವುದಾದರೂ ಹೇಗೆ?

ಮರುವರ್ಷ ನನ್ನನ್ನು ಹತ್ತನೆಯ ತರಗತಿಯ ಫಕೀರವ್ವನಿಗೆ ಕೊಟ್ಟರು. ಅವಳ ತಾಯಿ ಕೌದಿ ಹೊಲಿದು ಮನೆ ನಡೆಸುತ್ತಿದ್ದಳು. ಫಕೀರವ್ವ ಬೈಯಲಿಲ್ಲ, ತಟ್ಟಲಿಲ್ಲ. ಹದಿನೈದು ನಿಮಿಷ ಓದಿ, ಅರ್ಧ ತಾಸು ನನಗೆ ಬಿಡುವು ಕೊಟ್ಟು, ಹಾಗೆಯೇ ವರ್ಷ ದೂಡಿದಳು. ಒಳ್ಳೆಯ ಅಂಕ ಬಂದವು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಸೀಟೂ ಸಿಕ್ಕಿತು. ಶನಿವಾರದೊಳಗೆ ಟಿ.ಸಿ. ಒಪ್ಪಿಸದಿದ್ದರೆ ಸೀಟು ಬೇರೆಯವರಿಗೆ. ಟಿ.ಸಿ. ಬೇಕೆಂದರೆ ನಾನು ಸುಸ್ಥಿತಿಯಲ್ಲಿ ಮರಳಿದ್ದೇನೆ ಎಂದು ರಿಜಿಸ್ಟರಿನಲ್ಲಿ ಸಹಿಯಾಗಬೇಕು.

ಬುಧವಾರ ಬಳಿಗಾರ ಸರ್ ನನ್ನನ್ನು ಮೇಜಿನ ಮೇಲಿಟ್ಟು ಹಚ್ಚಿದರು. ಅವರಿಗೆ ಅಂದು ಬಿಡುವಿತ್ತು. ಹತ್ತೊಂಬತ್ತನೆಯ ನಿಮಿಷಕ್ಕೆ ಆರಿಹೋದೆ.

"ಕೆಡಿಸಿ ತಂದು ಕೊಟ್ರ ಸಹಿ ಹಾಕಾಕ ನನಗೇನು ಹುಚ್ಚ ಹಿಡದೈತೇನವಾ? ರಿಪೇರಿ ಮಾಡಿಸ್ಕೊಂಡು ಬಾ."

ಅವಳು ಅಳುತ್ತ ಮನೆಗೆ ಬಂದಳು. ಮುಖ ತೊಳೆದುಕೊಂಡು ಒಂದು ನೋಟುಪುಸ್ತಕ ತೆಗೆದಳು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತ, ಗಡಿಯಾರ ನೋಡಿ ಬರೆದುಕೊಂಡಳು. ಹಲಗೆಯ ಮೇಲೆ ಹತ್ತೊಂಬತ್ತು ನಿಮಿಷ. ಕೌದಿಯ ಮೇಲೆ ಒಂಬತ್ತು. ಚಾರ್ಜರ್ ತೆಗೆದಾಗಲೂ ಹತ್ತೊಂಬತ್ತೇ. ಹೊಲಿಗೆಯ ಎರಡು ರೀಲುಗಳ ಮೇಲೆ ಎತ್ತಿಟ್ಟಾಗ ಇಪ್ಪತ್ತಮೂರು. ಆ ಇಪ್ಪತ್ತಮೂರನ್ನು ಬರೆದವಳು, ಕೆಳಗೆ ಗಾಳಿಯಾಡಿದ್ದಕ್ಕೇ ನಾಲ್ಕು ನಿಮಿಷ ಹೆಚ್ಚಾಯಿತೇ ಎಂದು ಪಕ್ಕದಲ್ಲಿ ಬರೆದಳು. ಆಮೇಲೆ ಊದಿನಕಡ್ಡಿ ಹಚ್ಚಿ ನನ್ನ ಹೊಟ್ಟೆಯ ಕೆಳಗೆ ಹಿಡಿದಳು. ಹೊಗೆ ಒಳಗೆ ಹೋಗಲಿಲ್ಲ. ಹಳದಿ ಪಟ್ಟಿಗೆ ತಾಗಿ ಪಕ್ಕಕ್ಕೆ ಸರಿಯಿತು.

"ಅವ್ವಾ, ಇದರ ಮೂಗಿಗೆ ಬಣ್ಣ ಹೊಡದಾರ!"

"ಯಾವನವ ಹೊಡದಾವ? ಅವನ ಮೂಗಿಗೆ ಹೊಡದ್ರ ಸುಮ್ನಿರತಿದ್ನೇನು?" ಎನ್ನುತ್ತ ತಾಯಿ ಕೌದಿ ಹೊಲಿಯುವ ದೊಡ್ಡ ಸೂಜಿಯನ್ನು ಕೈಗೆ ಕೊಟ್ಟಳು.

ಫಕೀರವ್ವ ಇಪ್ಪತ್ತೊಂದು ಸೀಳು ಬಿಡಿಸಿ ನಿಲ್ಲಿಸಿದಳು. ಅರ್ಧ ಬಿಡಿಸಿದರೆ ಏನಾಗುತ್ತದೆಂದು ಅವಳಿಗೆ ನೋಡಬೇಕಿತ್ತು. ಐವತ್ತೊಂದು ನಿಮಿಷ ಓಡಿದೆ. ಉಳಿದ ಇಪ್ಪತ್ತೊಂದನ್ನೂ ಬಿಡಿಸಿದಳು. ಎರಡು ವರ್ಷಗಳ ಮೇಲೆ ಹೊಟ್ಟೆ ತುಂಬ ಗಾಳಿ ಎಳೆದುಕೊಂಡೆ. ನಾಲ್ಕು ತಾಸು ಬಿಡದೆ ಓಡಿದೆ. ಕೊನೆಗೆ ಅವಳೇ "ಸಾಕು, ಮಲಕೋ" ಎಂದು ಮುಚ್ಚಿದಳು.

ಶುಕ್ರವಾರ ಹೆಡ್‌ಮಾಸ್ತರ ಕೋಣೆ. ಬಳಿಗಾರ ಸರ್ ನನ್ನನ್ನು ಮಗುಚಿದೊಡನೆ ಕಿರುಚಿದರು.

"ನಂಬರ್ ಕೆರದೀಯಲ್ಲಾ! ಯಾರನ್ನ ಕೇಳಿ ಕೆರದಿ?"

"ಓದಾಕ ಬರವಲ್ದು ಇದು," ಎಂದು ಹೆಡ್‌ಮಾಸ್ತರು ಕನ್ನಡಕ ಏರಿಸಿದರು. "ನಾಳೆ ತಪಾಸಣಿಗೆ ಬಂದವರಿಗೆ ಏನಂತ ತೋರಿಸ್ಲಿ?"

ಕೆಲಸ ಮಾಡುವ ನನ್ನನ್ನು ಅವರು ನೋಡಲೇ ಇಲ್ಲ. ಕೆಟ್ಟ ನಂಬರನ್ನು ನೋಡಿದರು. ನನಗೆ ಬಾಯಿದ್ದರೆ ಆಗ ಕೂಗಿಬಿಡುತ್ತಿದ್ದೆ.

ಫಕೀರವ್ವ ನೋಟುಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟಳು. "ಸರ್, ಎಂಟನೇ ನಂಬರಿಂದನೂ ತರಸ್ರಿ. ಅದನ್ನ ನಾ ಮುಟ್ಟಿಲ್ಲ. ಎರಡೂ ಒಮ್ಮಿಗೇ ಹಚ್ಚೂಣು. ಇದು ಮೊದಲ ಆರಿದ್ರ ನಾ ಟಿ.ಸಿ. ಕೇಳಂಗಿಲ್ಲ."

ಎಂಟನೆಯ ನಂಬರಿನ ತಮ್ಮನನ್ನು ದ್ಯಾಮಣ್ಣನೇ ತಂದಿಟ್ಟ. ಹೆಡ್‌ಮಾಸ್ತರು ಟಪಾಲು ನೋಡುತ್ತ ಕೂತರು. ಇಪ್ಪತ್ತನೆಯ ನಿಮಿಷಕ್ಕೆ ತಮ್ಮ ಆರಿಹೋದ. ನಾನು ಓಡುತ್ತಲೇ ಇದ್ದೆ. ಒಂದು ತಾಸಾಯಿತು.

"ಸರ್, ತಪ್ಪು ನಂದು," ಎಂದ ದ್ಯಾಮಣ್ಣ. "ಅದು ಉಸಿರಾಡೋ ಜಾಗ ಅಂತ ನನಗ ಗೊತ್ತಿರಲಿಲ್ಲ. ಒಂದು ಸೂಜಿ ಕೊಡ್ರಿ, ಉಳಿದಾವು ಹನ್ನೊಂದೂ ನಾನ ಬಿಡಿಸ್ತೀನಿ."

"ಮ್ಯಾಲಿಂದ ಪರವಾನಿಗಿ ಬರೂತನಕ ಒಂದು ನಂಬರನೂ ಮುಟ್ಟಬ್ಯಾಡ," ಎಂದು ಹೆಡ್‌ಮಾಸ್ತರು ರಿಜಿಸ್ಟರ್ ಎಳೆದುಕೊಂಡು ಸಹಿ ಹಾಕಿದರು.

ಟಿ.ಸಿ. ಕೈಗೆ ಬಂದ ಮೇಲೂ ಫಕೀರವ್ವ ನಿಂತೇ ಇದ್ದಳು. "ಸರ್, ಮ್ಯಾಲಿನ ಸಾಲಿನ್ಯಾಗ ಈರಪ್ಪನ ಹೆಸರೈತ್ರಿ. ಅವನೂ ಏನೂ ಮಾಡಿಲ್ಲ."

"ರಿಜಿಸ್ಟರಿನ್ಯಾಗ ಬರದದ್ದು ಅಳಸಾಕ ಬರಾಂಗಿಲ್ಲ. ನಿಂದು ಆತಲ್ಲ, ನಡಿ."

ಅವಳು ಹೋದಳು. ಶನಿವಾರ ಹನ್ನೊಂದು ಗಂಟೆಗೆ ಸೀಟು ಅವಳದಾಯಿತೆಂದು ದ್ಯಾಮಣ್ಣ ಯಾರಿಗೋ ಹೇಳುತ್ತಿದ್ದುದನ್ನು ಕೇಳಿದೆ.

ಪರವಾನಿಗಿ ಬರಲೇ ಇಲ್ಲ. ನಾಲ್ಕು ವರ್ಷ ಕಳೆದ ಮೇಲೆ ನಿರುಪಯೋಗಿ ಸಾಮಾನು ಒಯ್ಯುವ ಲಾರಿ ಬಂತು. ಪಟ್ಟಿಯಲ್ಲಿ ಹನ್ನೆರಡು ನಂಬರುಗಳಿದ್ದವು. ಒಂದೊಂದನ್ನೇ ಮಗುಚಿ ಓದಿ ಲಾರಿಗೆ ಹಾಕಿದರು. ಆ ಹನ್ನೊಂದು ಮಂದಿಯಲ್ಲಿ ಯಾರಿಗೂ ರೋಗವಿರಲಿಲ್ಲ. ಎಲ್ಲರೂ ಉಸಿರು ಕಟ್ಟಿಕೊಂಡೇ ಹೋದರು. ನನ್ನ ನಂಬರ್ ಓದಲಾಗಲಿಲ್ಲ. "ಇದು ನಮ್ಮ ಪಟ್ಟಿಯಾಗ ಇಲ್ಲ" ಎಂದು ಬದಿಗೆ ಸರಿಸಿದರು.

ಈಗ ನಾನು ಕಂಪ್ಯೂಟರ್ ಕೋಣೆಯ ಅಲ್ಮೇರಾದ ಮೇಲಿನ ಖಾನೆಯಲ್ಲಿದ್ದೇನೆ. ಕೀಲಿಮಣೆಯ ಅಕ್ಷರಗಳು ಸವೆದಿವೆ, ಬ್ಯಾಟರಿ ಸೋತಿದೆ, ವೈರು ಸಿಕ್ಕಿಸಿದರೆ ಓಡುತ್ತೇನೆ. ದ್ಯಾಮಣ್ಣ ಹೊಸ ಸಾಮಾನಿಗೆ ಬ್ರಷ್ ಇಡುವ ಮೊದಲು ಅಂಗೈ ಹಿಡಿದು ಗಾಳಿ ಬರುತ್ತದೆಯೇ ನೋಡುತ್ತಾನೆ. ಕೆಳಗಿನ ಖಾನೆಯಲ್ಲಿ ಆ ರಿಜಿಸ್ಟರ್ ಇದೆ. ಅಲ್ಮೇರಾದ ಬಾಗಿಲು ತೆಗೆದಾಗಲೆಲ್ಲ, ಇವತ್ತಾದರೂ ಯಾರಾದರೂ ಪೆನ್ನು ತೆಗೆದು ಈರಪ್ಪನ ಹೆಸರಿನ ಮೇಲೆ ಒಂದು ಗೆರೆ ಎಳೆಯುತ್ತಾರೆಯೇ ಎಂದು ನೋಡುತ್ತೇನೆ. ಕೆಂಪು ಶಾಯಿ ಇನ್ನೂ ಮಾಸಿಲ್ಲ.