ಹತ್ತನೆಯ ಸಾಲ

ದಿವಾಳಿ ಅರ್ಜಿ ಸಲ್ಲಿಸಿದ ಮರುದಿನದಿಂದಲೇ ಫೋನು ಬಾಯಿ ಮುಚ್ಚಿತು. ಎರಡು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆಯವರೆಗೂ ಬಡಿದುಕೊಳ್ಳುತ್ತಿದ್ದ ಫೋನು ಅದು. ಕೆಟ್ಟುಹೋಗಿದೆಯೇನೋ ಎಂದು ಹಲ್ಲಪ್ಪ ಅದನ್ನು ಎರಡು ಸಲ ಎತ್ತಿ ಕಿವಿಗಿಟ್ಟು ನೋಡಿದ.

ಹಲ್ಲಪ್ಪ ಎಂಬುದು ದಂತವೈದ್ಯರು ಇಟ್ಟ ಅಡ್ಡಹೆಸರು. ಅವರಿಗೆಲ್ಲ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದವನು ಇವನೇ. "ಈ ಊರಲ್ಲಿ ವಯಸ್ಸಾದೋರು ನಗೋದು ನನ್ನ ಹಲ್ಲಲ್ಲೇ" ಎಂದು ಅವನು ಹೇಳಿಕೊಳ್ಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಟ್ಟದ್ದು ಒಂದು ಮಷೀನಿನಿಂದ. ಕಂಪ್ಯೂಟರಿನಲ್ಲಿ ಅಳತೆ ಕೊಟ್ಟರೆ ತಾನೇ ಹಲ್ಲು ಕೊರೆಯುವ ಮಷೀನು. ಬ್ಯಾಂಕಿನ ಸಾಲದಲ್ಲಿ ಅದನ್ನು ತಂದ ವರ್ಷವೇ ದೊಡ್ಡ ಕಂಪನಿಯೊಂದು ಅರ್ಧ ಬೆಲೆಗೆ ಹಲ್ಲು ಕಳಿಸತೊಡಗಿತು. ವೈದ್ಯರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕಂತು ಕಟ್ಟಲು ಕೈಸಾಲ, ಕೈಸಾಲ ತೀರಿಸಲು ಕ್ರೆಡಿಟ್ ಕಾರ್ಡು, ಕಾರ್ಡಿನ ಬಡ್ಡಿಗೆ ಇನ್ನೊಂದು ಕಾರ್ಡು. ಕೊನೆಗೆ ಪಟ್ಟಿ ಮಾಡಿದಾಗ ಹತ್ತು ಸಾಲ ನಿಂತಿದ್ದವು.

ಪಟ್ಟಿ ಮಾಡಿಸಿದ್ದು ವಕೀಲೆ. ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುವ ಹೆಂಗಸು ಆಕೆ.

"ಅರ್ಜಿ ಹಾಕಿದ ಮೇಲೆ ಯಾರೂ ನಿಮ್ಮನ್ನ ಕಾಡೋ ಹಾಗಿಲ್ಲ. ಕೇಸುಗಳು ನಿಲ್ತವೆ. ಕೋರ್ಟ್ ಒಪ್ಪಿದ್ರೆ ಕಾರ್ಡು, ಕೈಸಾಲ ಎಲ್ಲಾ ಮನ್ನಾ. ಮಷೀನು ಮಾತ್ರ ಬ್ಯಾಂಕಿನೋರು ಎತ್ಕೊಂಡು ಹೋಗ್ತಾರೆ" ಎಂದವಳು ಹತ್ತನೆಯ ಸಾಲದ ಕಾಗದ ತಿರುವಿ ಬೆರಳಿಟ್ಟಳು. "ಮಷೀನ್ ಮಾರಿ ಮಿಕ್ಕಿದ್ದನ್ನ ನಿಮ್ಮನ್ನ ಕೇಳಲ್ಲ. ಜಾಮೀನು ಹಾಕಿದೋರನ್ನ ಕೇಳ್ತಾರೆ. ನಿಮ್ಮ ಅಕ್ಕ ಅಲ್ವಾ ಇವರು? ಅವರಿಗೆ ಗೊತ್ತು ತಾನೆ?"

"ಗೊತ್ತು" ಎಂದ ಹಲ್ಲಪ್ಪ.

ಅಕ್ಕನಿಗೆ ಗೊತ್ತಿರಲಿಲ್ಲ. ಜಾಮೀನು ಬೇಕೆಂದು ಬ್ಯಾಂಕಿನವರು ಪಟ್ಟು ಹಿಡಿದ ದಿನ ಅಕ್ಕನಿಗೆ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ. ಅವಳ ಮನೆಪತ್ರದ ನಕಲು, ಗುರುತಿನ ಚೀಟಿ ಇವನ ಬಳಿಯೇ ಇದ್ದವು. ಅವಳ ತೆರಿಗೆ ಕಟ್ಟಿ ಬರುತ್ತಿದ್ದವನು ಇವನೇ. ಅಕ್ಕ ಬೇಡವೆನ್ನುತ್ತಾಳೆಂದು ಇವನಿಗೆ ಗೊತ್ತಿತ್ತು. ಹಾಗಾಗಿ ಕೇಳಲಿಲ್ಲ. ಬೇರೆಯವರ ಹಲ್ಲಿನ ಓರೆಕೋರೆಯನ್ನೆಲ್ಲ ಕೂದಲೆಳೆಯಷ್ಟೂ ಬಿಡದೆ ಎತ್ತಿ ಇಳಿಸುತ್ತಿದ್ದ ಕೈ, ಅವಳ ಸಹಿಯನ್ನು ಒಂದೇ ಏಟಿಗೆ ಇಳಿಸಿತು. ಸಹಿ ಹಾಕಿಸಿ ತರಲು ಕಾಗದ ಕೊಟ್ಟು ಕಳಿಸಿದ್ದ ಬ್ಯಾಂಕಿನ ಗುಮಾಸ್ತ ಮರುಮಾತಿಲ್ಲದೆ ಫೈಲಿಗೆ ಸೇರಿಸಿಕೊಂಡ.

ಮನ್ನಾ ಆಗುವುದೆಲ್ಲ ತನ್ನ ಪಾಲಿಗೆ, ಬರುವುದೆಲ್ಲ ಅಕ್ಕನ ಬಾಗಿಲಿಗೆ ಎಂಬುದು ಹಲ್ಲಪ್ಪನಿಗೆ ವಕೀಲೆಯ ಮೆಟ್ಟಿಲಿಳಿಯುವಾಗಲೇ ಹೊಳೆದಿತ್ತು. ಆದರೂ ಅರ್ಜಿಗೆ ಸಹಿ ಹಾಕಿದ. ನಾಲ್ಕು ದಿನ ಹೊಟ್ಟೆತುಂಬ ಉಂಡ, ಮಗುವಿನ ಹಾಗೆ ನಿದ್ದೆ ಮಾಡಿದ. ಐದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಅಕ್ಕನ ಕಟ್ಟಡದ ಕೆಳಗೆ ಹೋಗಿ ನಿಂತ.

ಪೋಸ್ಟಿನವನು ಬರುವುದು ಹನ್ನೊಂದಕ್ಕೆ. ಮೆಟ್ಟಿಲ ಬುಡದಲ್ಲಿ ಮನೆಗೊಂದರಂತೆ ಸಾಲಾಗಿ ಹನ್ನೆರಡು ತಗಡಿನ ಡಬ್ಬಿ. ಅಕ್ಕನ ಡಬ್ಬಿಯ ಬೀಗ ಎಂದೋ ಹಾಳಾಗಿತ್ತು. ಮೊದಲ ವಾರ ಬ್ಯಾಂಕಿನ ಲಕೋಟೆ ಒಂದು ಬಂತು. ಅದನ್ನು ಅಂಗಿಯೊಳಗೆ ಸೇರಿಸಿ, ಮೇಲೆ ಹೋಗಿ ಅಕ್ಕನ ಕೈಯ ಚಹಾ ಕುಡಿದು ಬಂದ. ಮುಂದಿನ ವಾರ ಇನ್ನೊಂದು. "ಏನೋ, ದಿನಾ ಬರ್ತಿದ್ದೀಯ? ಕೆಲಸ ಇಲ್ಲದಿದ್ರೂ ಪರವಾಗಿಲ್ಲ, ಅಕ್ಕ ನೆನಪಾದಳಲ್ಲ" ಎಂದು ಅವಳು ನಕ್ಕಳು. ನಿವೃತ್ತಿಯಾಗಿ ವರ್ಷವಾಗಿತ್ತು ಅವಳಿಗೆ. ಎರಡು ಕೋಣೆಯ ಆ ಮನೆಯ ಕೊನೆಯ ಕಂತನ್ನು ತೀರಿಸಿದ್ದೂ ಆಗಲೇ. ತಾಯಿ ಹೋದ ಮೇಲೆ ಇವನನ್ನು ಸಾಕಿ, ಓದಿಸಿ, ಕೆಲಸ ಕಲಿಯಲು ಹಚ್ಚಿದವಳು ಅವಳು. ತನಗೆ ಮದುವೆಯ ಮಾತೆತ್ತಲು ಪುರುಸೊತ್ತಾಗಲಿಲ್ಲ ಎಂದು ತಮಾಷೆ ಮಾಡುತ್ತಿದ್ದಳು.

ಮೂರನೆಯ ಲಕೋಟೆ ಡಬ್ಬಿಗೆ ಬೀಳಲಿಲ್ಲ.

"ರಿಜಿಸ್ಟರ್ಡು. ಅವರೇ ಸಹಿ ಹಾಕಿ ತಗೋಬೇಕು" ಎಂದ ಪೋಸ್ಟಿನವನು.

"ನಾನು ತಮ್ಮ. ನನ್ನ ಕೈಗೇ ಕೊಡಿ."

"ದಿನಾ ನೋಡ್ತೀನಲ್ಲ ನಿಮ್ಮನ್ನ, ಗೊತ್ತು. ಆದ್ರೆ ಆಗಲ್ಲ ಸ್ವಾಮಿ."

ಅವನು ಮೆಟ್ಟಿಲು ಹತ್ತಿದ. ಹಿಂದೆ ಹಲ್ಲಪ್ಪ. ಮೂರನೆಯ ಮಹಡಿಯಲ್ಲಿ ಪೋಸ್ಟಿನವನು ಬಾಗಿಲು ಬಡಿದ. ಅಕ್ಕ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಸಹಿ ಹಾಕಿದಳು, ಲಕೋಟೆ ಬಿಡಿಸಿದಳು, ಕನ್ನಡಕ ತಂದು ಎರಡು ಸಲ ಓದಿದಳು.

"ನಾನು ಯಾವಾಗ ಜಾಮೀನು ಹಾಕಿದೆ?"

ಹಲ್ಲಪ್ಪ ಪೋಸ್ಟಿನವನು ಇಳಿದುಹೋದ ಮೆಟ್ಟಿಲ ಕಡೆ ನೋಡಿದ.

"ನಿನ್ನನ್ನೇ ಕೇಳ್ತಿರೋದು. ಯಾವಾಗ ಹಾಕಿದೆ?"

"ಮಷೀನ್ ತಗೊಂಡಾಗ."

"ನಾನಾ?"

"ಇಲ್ಲ… ನಾನು."

ಅಕ್ಕ ಕೂಗಾಡಲಿಲ್ಲ. ಸೂಜಿ ಚುಚ್ಚುವ ಮೊದಲು ರೋಗಿಯ ಹತ್ತಿರ ಮಾತಾಡುವಾಗಿನ ಆ ತಣ್ಣನೆಯ ದನಿಯಲ್ಲಿ, "ಇದು ಮೂರನೇದು ಅಂತ ಬರ್ದಿದಾರೆ. ಇನ್ನೆರಡು ಕಾಗದ ಎಲ್ಲಿ?" ಎಂದು ಕೇಳಿದಳು. ಹಲ್ಲಪ್ಪನ ಕೈ ತಾನಾಗಿ ಅಂಗಿಯ ಎದೆಗೆ ಹೋಯಿತು. ಅವನು ದಿನವೂ ಚಹಾಕ್ಕೆ ಬಂದದ್ದೇಕೆಂದು ಅವಳಿಗೆ ಅರ್ಥವಾದದ್ದು ಅವಳ ಮುಖದಲ್ಲಿ ಕಂಡಿತು. ಆಗ ಅವನು ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

"ಅಕ್ಕಾ, ಸಹಿ ನಿನ್ನದೇ ಅಂತ ಹೇಳ್ಬಿಡು. ಇಲ್ಲಾಂದ್ರೆ ನನ್ನನ್ನ ಒಳಗೆ ಹಾಕ್ತಾರೆ. ನೀನೂ ದಿವಾಳಿ ಅರ್ಜಿ ಹಾಕಬಹುದು. ಏನೂ ಕಷ್ಟ ಇಲ್ಲ, ನಾನು ಹಾಕಿಲ್ವಾ? ಫೋನ್ ಕೂಡ ಬರಲ್ಲ."

"ಮನೆ?"

"ಮನೆ… ಹೋಗಬಹುದು."

ಅಕ್ಕ ಕಾಗದವನ್ನು ಮಡಿಸಿ ಲಕೋಟೆಗೆ ಸೇರಿಸಿದಳು. ಆಮೇಲೆ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. "ನಡಿ, ನಿನ್ನ ವಕೀಲರ ಹತ್ತಿರ."

ವಕೀಲೆ ಎಲ್ಲವನ್ನೂ ಕೇಳಿಸಿಕೊಂಡಳು. ಮೊದಲ ಬಾರಿಗೆ ಅವಳ ದನಿ ಬದಲಾಯಿತು. "ಗೊತ್ತು ಅಂದ್ರಲ್ಲ ನೀವು! ಈಗ ಕೇಳಿ. ಮೋಸ ಮಾಡಿ ತಂದ ಸಾಲ ದಿವಾಳಿಯಲ್ಲಿ ಹೋಗಲ್ಲ. ಬ್ಯಾಂಕಿನೋರು ತಕರಾರು ಹಾಕ್ತಾರೆ. ಆ ಹತ್ತನೇದು ನಿಮ್ಮ ಬೆನ್ನಿಗೇ ಇರುತ್ತೆ. ಪೊಲೀಸರ ವಿಷಯ ಬೇರೆ. ಅದನ್ನ ತಡೆಯೋ ಶಕ್ತಿ ಈ ಅರ್ಜಿಗಿಲ್ಲ."

"ಮತ್ತೆ ನಾನು?" ಎಂದಳು ಅಕ್ಕ.

"ಸಹಿ ನಿಮ್ಮದಲ್ಲ ಅಂದ್ರೆ ನಿಮ್ಮ ಮನೆಗೆ ತೊಂದರೆ ಇಲ್ಲ. ನಿಮ್ಮದು ಅಂದ್ರೆ ಮನೆ ಹೋಗುತ್ತೆ, ಇವರು ಉಳೀತಾರೆ. ಆದ್ರೆ ಸುಳ್ಳು ಹೇಳಿ ಅಂತ ನಾನು ಹೇಳಲ್ಲ, ಹೇಳೋಕೂ ಬಿಡಲ್ಲ. ಇನ್ಮೇಲೆ ನಿಮ್ಮದು ಬೇರೆ, ಇವರದು ಬೇರೆ. ನೀವು ಬೇರೆ ವಕೀಲರನ್ನ ನೋಡ್ಕೊಳ್ಳಿ."

ಅಕ್ಕ ಒಬ್ಬಳೇ ಎದ್ದು ಹೋದಳು.

ವಿಚಾರಣೆಯವರೆಗಿನ ಆರು ವಾರ ಅವಳು ಬಾಗಿಲು ತೆರೆಯಲಿಲ್ಲ. ಅವಳೇನು ಹೇಳುತ್ತಾಳೆಂಬುದು ಹಲ್ಲಪ್ಪನಿಗೆ ತಿಳಿಯಲಿಲ್ಲ. ಒಂದು ದಿನ ಹೇಗಾದರೂ ಉಳಿಸಿಯಾಳು ಅನ್ನಿಸುತ್ತಿತ್ತು. ಮರುದಿನ, ಹಾಗನ್ನಿಸಿದ್ದಕ್ಕೇ ತನ್ನ ಮೇಲೆ ಹೇಸಿಗೆ ಬರುತ್ತಿತ್ತು. ಮಷೀನನ್ನು ನಾಲ್ಕು ಜನ ಬಂದು ಹೊತ್ತೊಯ್ದರು. ಅದಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು.

ಕೋರ್ಟಿನಲ್ಲಿ ಬ್ಯಾಂಕಿನ ವಕೀಲ ಅಕ್ಕನ ಮುಂದೆ ಕಾಗದ ಹಿಡಿದ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ನನ್ನ ಸಹಿಯ ಹಾಗೇ ಇದೆ. ಆದ್ರೆ ನನ್ನದಲ್ಲ."

"ಮತ್ತೆ ಯಾರದ್ದು?"

ಅವಳು ಕನ್ನಡಕ ತೆಗೆದು ಮಡಿಸಿದಳು. ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು. ಅಷ್ಟರಲ್ಲಿ ಹಲ್ಲಪ್ಪ ಎದ್ದು ನಿಂತಿದ್ದ. ಅವನ ವಕೀಲೆ ತೋಳು ಹಿಡಿದೆಳೆದರೂ ಕೂರಲಿಲ್ಲ. "ನಾನು ಹಾಕಿದ್ದು ಸ್ವಾಮಿ. ಅವಳ ಬಾಯಲ್ಲಿ ಹೇಳಿಸ್ಬೇಡಿ."

ಒಂಬತ್ತು ಸಾಲ ಮನ್ನಾ ಆದವು. ಹತ್ತನೆಯದು ಅವನ ಹೆಸರಿಗೇ ಉಳಿಯಿತು. ಅಕ್ಕನ ಮನೆ ಅಕ್ಕನಿಗೆ ಉಳಿಯಿತು. ಹಲ್ಲಪ್ಪ ಇನ್ನೊಬ್ಬರ ಲ್ಯಾಬಿನಲ್ಲಿ ಸಂಬಳಕ್ಕೆ ಕೂತ. ಸಂಬಳದ ಮೂರರಲ್ಲಿ ಒಂದು ಪಾಲು ಬ್ಯಾಂಕಿಗೆ ಹೋಗತೊಡಗಿತು. ಎರಡನೆಯ ತಿಂಗಳು ಪೊಲೀಸಿನವನೊಬ್ಬ ಲ್ಯಾಬಿನ ಬಾಗಿಲಿಗೇ ಬಂದು ಸಮನ್ಸು ಕೊಟ್ಟು, ತಲುಪಿತೆಂದು ಸಹಿ ಹಾಕಿಸಿಕೊಂಡು ಹೋದ. ಜೊತೆಗೆ ಕೆಲಸ ಮಾಡುವವರು ತಲೆ ಬಗ್ಗಿಸಿ ತಮ್ಮ ತಮ್ಮ ಕೆಲಸ ನೋಡಿಕೊಂಡರು.

ಆ ಸಂಜೆ ಅವನು ಅಕ್ಕನ ಬಾಗಿಲು ತಟ್ಟಿದ. ಈ ಸಲ ತೆರೆಯಿತು, ಸರಪಳಿಯ ಅಗಲದಷ್ಟು.

"ನಂಗೂ ಬಂದಿದೆ" ಎಂದಳು ಅಕ್ಕ. "ಸಾಕ್ಷಿಗೆ."

"ಬರ್ತೀಯಾ?"

"ಬರ್ದೇ ಏನು? ಕೇಳಿದ್ದಕ್ಕೆ ಇದ್ದದ್ದು ಹೇಳ್ತೀನಿ." ಸ್ವಲ್ಪ ತಡೆದು, "ಎಷ್ಟು ವರ್ಷ ಶಿಕ್ಷೆ ಆಗಬಹುದಂತೆ?" ಎಂದು ಕೇಳಿದಳು.

"ಎರಡು ಅಂತಾರೆ, ಮೂರು ಅಂತಾರೆ. ಗೊತ್ತಿಲ್ಲ."

ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅಕ್ಕ ಅತ್ತ ತಿರುಗಿ ನೋಡಿ, ಮತ್ತೆ ಇವನನ್ನು ನೋಡಿದಳು. ಸರಪಳಿ ತೆಗೆಯಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ.