ಕೊನೆಯ ಸಾಲಿನ ಮೊತ್ತ

ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. ಅರುಣಾ ಅದಕ್ಕೆ ಉತ್ತರ ಕೊಟ್ಟದ್ದು ಒಬ್ಬಟ್ಟು ಬೇಯಿಸುತ್ತಾ, ಒಂದು ಕಣ್ಣನ್ನು ಹೆಂಚಿನ ಮೇಲಿಟ್ಟುಕೊಂಡು. ಅಷ್ಟು ದೊಡ್ಡ ಮಾತಿಗೆ ಅಷ್ಟು ಸಣ್ಣ ಹೊತ್ತು ಕೊಟ್ಟೆನಲ್ಲ ಎನ್ನುವುದೇ ಈಗ ಅವಳ ಸಂಕಟ.

ಅವತ್ತು ಗೌರಿ ಹಬ್ಬ. ಅಂಜನ್‌ಕುಮಾರ್ ಗುಬ್ಬಿಯಿಂದ ಕುಣಿಗಲ್‌ಗೆ, ತಂಗಿಯ ಮನೆಗೆ ಬಾಗಿನ ತಂದಿದ್ದ. ಅಪ್ಪ ಅಮ್ಮ ಹೋದ ಮೇಲೆ ಒಂದು ವರ್ಷವೂ ತಪ್ಪಿಸಿದವನಲ್ಲ. ತುಮಕೂರಿನ ಅಂತರಸನಹಳ್ಳಿಯ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಓವರ್‌ಟೈಮ್ ದುಡಿದು ತಂಗಿಯನ್ನು ಎಂ.ಕಾಂ. ಓದಿಸಿದವನೂ ಅವನೇ. ಅವಳೀಗ ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುತ್ತಾಳೆ. ನನ್ನ ತಂಗಿ ದೊಡ್ಡ ದೊಡ್ಡ ಕಂಪನಿಗಳ ಜಾತಕ ಓದುತ್ತಾಳೆ ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಕೇಳಿದವರು ನಕ್ಕರೂ ಅವನಿಗೆ ಅದರ ಪರಿವೆ ಇರಲಿಲ್ಲ.

"ಕಂಪ್ನೀಲಿ ವಿಆರ್‌ಎಸ್ ಬಿಟ್ಟವ್ರೆ ಕಣವ್ವ" ಎಂದ, ಅಡುಗೆಮನೆ ಬಾಗಿಲಲ್ಲಿ ನಿಂತು. "ಈಗ್ಲೇ ಬರ್ಕೊಟ್ಟು ಹೊಂಟೋದ್ರೆ ಹದಿನೆಂಟು ಲಕ್ಷ ಕೊಡ್ತಾರಂತೆ. ತಿಂಗಳ ಕೊನೇವರ್ಗೂ ಟೈಮೈತೆ. ನಮ್ ಬೆಟ್ಟಯ್ಯ ತಗೊಂಡ್ಬುಡ್ತೀನಿ ಅಂತವ್ನೆ. ನಂಗೆ ಕೆಲ್ಸ ಬುಡಕ್ಕೆ ಮನ್ಸಿಲ್ಲ. ಆದ್ರೆ ಕಂಪ್ನಿನೇ ಮುಚ್ಚೋದಾದ್ರೆ ಕಷ್ಟ. ನೀನು ನೋಡಿ ಹೇಳು, ಗಟ್ಟಿಯಾಗೈತಾ?"

ಅರುಣಾ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು. ನಾಲ್ಕೈದು ರಾಜ್ಯಗಳಲ್ಲಿ ಕಾರ್ಖಾನೆಗಳಿರುವ ದೊಡ್ಡ ಕಂಪನಿ; ವರ್ಷವರ್ಷದ ಬ್ಯಾಲೆನ್ಸ್ ಶೀಟು ಯಾರು ಬೇಕಾದರೂ ನೋಡುವ ಹಾಗೆ ಸಿಗುತ್ತದೆ. ಐದು ವರ್ಷದ ಹಿಂದಿನ ಒಟ್ಟು ಆಸ್ತಿಯನ್ನು ನೂರು ಎಂದು ಹಿಡಿದಳು. ಅದಕ್ಕೆ ಮಿಕ್ಕ ವರ್ಷಗಳನ್ನು ಹೋಲಿಸಿದಳು. ಅಂಕಿ ಏರುತ್ತಾ ಏರುತ್ತಾ ನೂರೈವತ್ತು ದಾಟಿತ್ತು. ನೋಡಿದ್ದು ಕೊನೆಯ ಸಾಲಿನ ಮೊತ್ತವನ್ನು ಮಾತ್ರ. ಅಷ್ಟರಲ್ಲಿ ಒಬ್ಬಟ್ಟು ಸೀಯುವ ವಾಸನೆ ಬಂತು.

"ಗಟ್ಟಿಯಾಗಿದೆ ಕಣಣ್ಣ. ಐದು ವರ್ಷದಲ್ಲಿ ಆಸ್ತಿ ಒಂದೂವರೆ ಪಟ್ಟಾಗಿದೆ. ಮುಚ್ಚೋ ಕಂಪನಿ ಹಿಂಗೆ ಬೆಳೆಯುತ್ತಾ? ಹಳಬರನ್ನ ಸುಮ್ನೆ ಹೆದರಿಸಿ ಕಳಿಸ್ತಿದಾರೆ ಅಷ್ಟೇ. ನೀನು ಬರ್ಕೊಡಬೇಡ."

ಅಣ್ಣನ ಮುಖ ಅರಳಿತು. ಬೇಡ ಬೇಡ ಎನ್ನುತ್ತಲೇ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ. ತಿಂಗಳು ಮುಗಿಯಿತು, ಬೆಟ್ಟಯ್ಯ ದುಡ್ಡು ತೆಗೆದುಕೊಂಡು ಲಗೇಜ್ ಆಟೋ ಕೊಂಡ, ಅಂಜನ್‌ಕುಮಾರ್ ಎಂದಿನಂತೆ ಬೈಕೇರಿ ಶಿಫ್ಟಿಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಅರುಣಾಗೆ ತಾನು ಮಾತು ಆಡಿದ್ದೇ ಮರೆತುಹೋಗಿತ್ತು.

ಅದು ನೆನಪಿಗೆ ಬಂದದ್ದು ಡಿಸೆಂಬರಿನಲ್ಲಿ, ಪಾಠ ಮಾಡುವಾಗ. ಮೊತ್ತ ನೋಡಿ ಮೋಸ ಹೋಗಬೇಡಿ, ಒಂದೊಂದು ಸಾಲನ್ನೂ ಬಿಡಿಸಿ ನೋಡಿ ಎಂದು ಅವಳು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಉದಾಹರಣೆಗೆ ಯಾವುದಾದರೂ ಕಂಪನಿ ಬೇಕಿತ್ತು. ಮೊಬೈಲಿನಲ್ಲಿ ಹೇಗೂ ಇತ್ತಲ್ಲ ಎಂದು ಅಣ್ಣನ ಕಂಪನಿಯದ್ದನ್ನೇ ಬೋರ್ಡಿನ ಮೇಲೆ ಬರೆಯತೊಡಗಿದಳು.

ಯಂತ್ರಗಳ ಸಾಲು ವರ್ಷದಿಂದ ವರ್ಷಕ್ಕೆ ಕರಗುತ್ತಾ, ಐದನೆಯ ವರ್ಷಕ್ಕೆ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಹಳೆಯವು ಸವೆಯುತ್ತಿದ್ದವು, ಮಾರಾಟವಾಗುತ್ತಿದ್ದವು, ಹೊಸದೊಂದನ್ನೂ ಕೊಂಡಿರಲಿಲ್ಲ. ಮೊತ್ತವನ್ನು ಮೇಲಕ್ಕೆತ್ತಿದ್ದು ಜಮೀನು. ಅದೂ ಹೊಸ ಜಮೀನಲ್ಲ. ಇದ್ದ ಜಮೀನಿಗೇ ನಾಲ್ಕನೆಯ ವರ್ಷ ಈಗಿನ ರೇಟು ಕಟ್ಟಿದ್ದರು. ಐದನೆಯ ವರ್ಷ ಅದರಲ್ಲೊಂದು ಪಾಲು ತನ್ನ ಸಾಲು ಬಿಟ್ಟು ಕೆಳಗಿನ ಹೊಸ ಸಾಲಿಗೆ ಬಂದು ಕೂತಿತ್ತು: ಮಾರಾಟಕ್ಕೆ ತೆಗೆದಿರಿಸಿದ ಆಸ್ತಿ. ಯಾವುದನ್ನು ತೆಗೆದಿರಿಸಿದ್ದಾರೆ ಎಂಬ ವಿವರಣೆ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅರುಣಾ ಬೋರ್ಡಿಗೆ ಮುಖ ಮಾಡಿಕೊಂಡೇ ಅದನ್ನು ತೆರೆದು ಓದಿದಳು. ತುಮಕೂರು ಘಟಕದ ಜಮೀನು ಮತ್ತು ಕಟ್ಟಡ.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಈ ಆನೆ ಸತ್ತರೇ ಬೆಲೆ ಹೆಚ್ಚು ಎಂದು ಕಂಪನಿಯವರು ಲೆಕ್ಕ ಹಾಕಿ, ಅದನ್ನು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿಸಿದ್ದರು. ಓದಬೇಕಾದವಳು ಓದಿರಲಿಲ್ಲ. ಅವತ್ತು ಅವಳು ತಲೆನೋವೆಂದು ಹೇಳಿ ಪಾಠ ಅರ್ಧಕ್ಕೇ ನಿಲ್ಲಿಸಿದಳು. ಕ್ಯಾತ್ಸಂದ್ರದ ಬಸ್ ಸ್ಟಾಪಿನಲ್ಲಿ ನಿಂತು ಅಣ್ಣನ ನಂಬರ್ ಒತ್ತಿ, ಅದು ರಿಂಗಾಗುವ ಮೊದಲೇ ಕಟ್ ಮಾಡಿದಳು. ಗಡುವು ಮುಗಿದು ಎಷ್ಟೋ ಕಾಲವಾಗಿದೆ, ಈಗ ಹೇಳಿ ಏನು ಪ್ರಯೋಜನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಹೆದರಿದ್ದಳು.

ಶಿವರಾತ್ರಿ ಕಳೆಯುತ್ತಿದ್ದಂತೆ ಕಾರ್ಖಾನೆಯ ಗೇಟಿಗೆ ಮುಚ್ಚುವ ನೋಟೀಸು ಅಂಟಿತು. ಉಳಿದವರಿಗೆ ಸಿಗುವುದು ಹದಿನೆಂಟು ಲಕ್ಷದಲ್ಲಿ ಅರ್ಧವೂ ಅಲ್ಲ. ಅದೂ ಕೋರ್ಟು ಮುಗಿದ ಮೇಲೆ.

ಮುಂದಿನ ಭಾನುವಾರ ಅರುಣಾ ಗುಬ್ಬಿಗೆ ಹೋದಳು. ಅಣ್ಣ ಜಗಲಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಅತ್ತಿಗೆ ಶಿಲ್ಪಾ ಇಬ್ಬರಿಗೂ ಒಳಗೆ ತಟ್ಟೆ ಹಾಕಿ, ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಗಂಡನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

"ನೋಡು ಅರುಣಾ ನಿಮ್ಮಣ್ಣನ್ನ" ಎಂದಳು. "ಬೆಟ್ಟಯ್ಯಂಗಿರೋ ಬುದ್ಧಿ ಇವ್ರಿಗಿಲ್ದೆ ಹೋಯ್ತು. ಯಾರ್ನಾದ್ರೂ ಕೇಳಿದ್ರಾ ಅಂದ್ರೆ, ಇಲ್ಲ, ನಂಗೆ ತೋಚಿದ್ದು ಮಾಡ್ದೆ ಅಂತಾರೆ. ಇಂಥದ್ನೇ ಪಾಠ ಮಾಡೋ ತಂಗಿ ಅವ್ಳೆ. ನಿನ್ನ ಒಂದ್ಮಾತು ಕೇಳಿದ್ರೆ ನಮಗೀ ಗತಿ ಬರ್ತಿತ್ತಾ?"

ಅರುಣಾಳ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಅಣ್ಣ ಅವಳ ಕಡೆ ನೋಡಲಿಲ್ಲ.

"ಮುದ್ದೆ ಆರೋಯ್ತದೆ, ತಿನ್ನವ್ವ" ಎಂದ.

ತಾನು ಮಾಡಿದ ತಪ್ಪನ್ನು ಅವನು ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದಾನೆ ಎಂದು ಅವಳಿಗೆ ಆಗ ಅರ್ಥವಾಯಿತು. ಸುಮ್ಮನಿದ್ದರೆ ಆಗಿತ್ತು. ಆದರೆ ಅತ್ತಿಗೆ ನಿಲ್ಲಿಸಲಿಲ್ಲ.

"ಮಗ್ಳು ಮಾನಸಾನ ನರ್ಸಿಂಗ್ ಸೇರ್ಸೋದು ನಿಂತೋಯ್ತು. ಇವ್ರ ಮುಖ ನೋಡಕ್ಕೂ ನಂಗೆ ಮನ್ಸು ಬರಲ್ಲ."

"ಅಣ್ಣ ಕೇಳಿದ್ದ ಅತ್ತಿಗೆ" ಎಂದಳು ಅರುಣಾ. "ಗೌರಿ ಹಬ್ಬದಲ್ಲಿ ಬಂದಾಗ ಕೇಳ್ದ. ಬರ್ಕೊಡಬೇಡ ಅಂದೋಳು ನಾನೇ. ಸರಿಯಾಗಿ ನೋಡದೆ ಹೇಳ್ಬಿಟ್ಟೆ."

ಶಿಲ್ಪಾ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ಗಂಡನ ಮುಖ ನೋಡಿದಳು.

"ಮತ್ತೆ ನನ್ ಬಾಯಲ್ಲಿ ಇಷ್ಟೊಂದು ಬೈಸ್ಕೊಂಡ್ ಯಾಕೆ ಕೂತಿದ್ರಿ?"

"ಹೇಳಿದ್ರೆ ಅವ್ಳಿಗೆ ಈ ಮನೆ ಬಾಗ್ಲು ಉಳೀತಿತ್ತಾ?" ಎಂದ ಅಂಜನ್‌ಕುಮಾರ್. "ದುಡ್ಡಂತೂ ಹೋಯ್ತು. ಅವ್ಳಿಗಿರೋ ತವರು ಇದೊಂದೇ ಕಣೇ."

ಉಳೀತಿತ್ತು ಎಂದು ಶಿಲ್ಪಾ ಹೇಳಲಿಲ್ಲ. ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಳುವ ಸದ್ದೂ ಬರಲಿಲ್ಲ.

ಅರುಣಾ ತಟ್ಟೆ ತೊಳೆದಿಟ್ಟು ಬಹಳ ಹೊತ್ತು ಕಾದಳು. ಬಾಗಿಲು ತೆರೆಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಬ್ಯಾಗು ತೆಗೆದುಕೊಂಡು ಎದ್ದಳು. ಹೊರಡುವಾಗ ಹಣೆಗೆ ಕುಂಕುಮ ಇಟ್ಟು, ಮತ್ತೆ ಬಾ ಎಂದು ಕಳಿಸುವುದು ಯಾವಾಗಲೂ ಅತ್ತಿಗೆಯೇ. ಹೊಸಿಲು ದಾಟಿದವಳು ಹಿಂದೆ ಸದ್ದು ಕೇಳಿ ತಿರುಗಿದಳು. ಅಣ್ಣ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು ನಿಂತಿದ್ದ. ಗಂಡಸು, ಹೇಗೆ ಕೊಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಹಚ್ಕೊಳವ್ವ" ಎಂದ.

ಅವಳು ತಾನೇ ಬೆರಳಲ್ಲಿ ತೆಗೆದು ಹಚ್ಚಿಕೊಂಡಳು. "ಹೋಗ್ತೀನಣ್ಣ" ಎಂದಳು.

"ಹಂಗನ್ಬಾರ್ದು. ಹೋಗ್ಬರ್ತೀನಿ ಅನ್ನು."

ಅರುಣಾ ಅವನ ಭುಜದಾಚೆ, ಮುಚ್ಚಿದ್ದ ಬಾಗಿಲನ್ನೊಮ್ಮೆ ನೋಡಿದಳು. ಆ ಒಂದು ಮಾತು ಅವಳ ಬಾಯಿಂದ ಹೊರಡಲಿಲ್ಲ.