ಚುಕ್ಕೆಗೆ ಮೊದಲು

ಮಾರ್ಚ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ — ಸಿರಿಂಜಿನೊಳಗೆ ತೆಳು ಆಹಾರ ಇಳಿಯುತ್ತಿದೆ, ಮೇಲೊಂದು ಗುಳ್ಳೆ, ಒಡೆಯದೆ ಗೀಟಿನಿಂದ ಗೀಟಿಗೆ ಕೂತುಕೊಂಡೇ ಬರುತ್ತಿದೆ, ನಲವತ್ತು, ಮೂವತ್ತೈದು, ದ್ರವದ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು ಓದಬೇಕು, ಕಾಲೇಜಿನಲ್ಲಿ ಕಲಿತ ಆ ಒಂದು ಪಾಠ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ನನಗೆ ಅನ್ನ ಹಾಕಿತು, ಈಗ ತಮ್ಮನ ಹೊಟ್ಟೆಗೆ ಹೋಗುವ ನಳಿಕೆಯ ಮುಂದೆ ಬಗ್ಗಿಸಿ ನಿಲ್ಲಿಸಿದೆ, ಅವನು ನೋಡುತ್ತಿದ್ದಾನೆ, ನೋಡುವುದೊಂದೇ ಅವನಿಗೆ ಉಳಿದಿರುವುದು, ಎಡಗಣ್ಣಿನ ಒಂದು ರೆಪ್ಪೆ ಮತ್ತು ಅದರ ಹಿಂದೆ ಅವನು, ಪೂರ್ತಿಯಾಗಿ ಅವನೇ, ಹನ್ನೊಂದಕ್ಕೆ ಡಾಕ್ಟರು ಬರುತ್ತಾರೆ, ಇನ್ನು ಹದಿನೆಂಟು ನಿಮಿಷ, ಬಂದು ಒಂದೇ ಪ್ರಶ್ನೆ ಕೇಳುತ್ತಾರೆ, ಸಾಕು ಅಂದದ್ದು ನಿಜವೇ ಎಂದು, ನಾನು ಹೌದೆಂದರೆ ಫಾರಂ ಮುಂದಕ್ಕೆ ಹೋಗುತ್ತದೆ, ಸಹಿಯಾಗುತ್ತದೆ, ದಿನ ಗೊತ್ತಾಗುತ್ತದೆ, ಸೂಜಿ ಬರುತ್ತದೆ — ನಿಧಾನ, ಕೈ ಅಲುಗಬಾರದು, ಮೂವತ್ತು.

ಎಲ್ಲ ಆದದ್ದು ನನ್ನ ನೋಟ್‌ಬುಕ್ಕಿನಿಂದ, ಬುಧವಾರ, ಹನ್ನೊಂದೂ ಹತ್ತು, ಇನ್ನೂರರಲ್ಲಿ ನೂರ ನಲವತ್ತು ಎಂ.ಎಲ್., ಸಾಕು ಅಂದ, ಅಷ್ಟೇ ಬರೆದದ್ದು, ನನ್ನ ಮಟ್ಟಿಗೆ ಅದು ಹೊಟ್ಟೆಯ ಮಾತು, ಆದರೆ ನರ್ಸಮ್ಮ ಪುಟ ತಿರುಗಿಸುತ್ತ ತಿರುಗಿಸುತ್ತ ಅಲ್ಲಿಗೆ ಬಂದು ನಿಂತಳು, ಹೋದ ವರ್ಷ ಉಸಿರು ಕಟ್ಟಿದಾಗ ಇವರು ಒಂದ್ಸಲ ಸಾವು ಕೇಳ್ಕೊಂಡಿದ್ರಲ್ಲಮ್ಮಾ, ಎರಡನೇ ಸಲ ಕೇಳಿದ್ರೆ ತಿಳಿಸಬೇಕು ಅಂತ ಹೊಸ ದಯಾಮರಣದ ಕಾನೂನಿದೆ, ನಾನು ಮುಚ್ಚಿಡೋ ಹಾಗಿಲ್ಲ, ಪಾಪ, ಅವಳ ಕೆಲಸ ಅವಳದು, ರೇಡಿಯೋದಲ್ಲೂ ಎರಡು ವಾರದಿಂದ ಇದೇ ಚರ್ಚೆ, ನೋವು ಯಾರದೋ ನಿರ್ಧಾರವೂ ಅವರದೇ ಎನ್ನುತ್ತಾರೆ ವಕೀಲರು, ಅದೂ ಸರಿ, ಹೋದ ವರ್ಷ ಈ ಕೋಣೆಯಲ್ಲಿ ಅವನ ಉಸಿರಿನ ಸದ್ದು ಕೇಳಿದವಳು ಅದನ್ನು ತಪ್ಪೆನ್ನಲಾರಳು, ಆಮೇಲೆ ರೇಡಿಯೋದಲ್ಲಿ ಗಾಲಿಕುರ್ಚಿಯ ಹೆಂಗಸೊಬ್ಬಳು ಮಾತಾಡಿದಳು, ಬಚ್ಚಲಿಗೆ ಇಳಿಜಾರು ಹಾಕಿಸ್ಕೊಡಿ ಅಂತ ಅರ್ಜಿ ಕೊಟ್ಟು ಮೂರು ವರ್ಷ ಆಯ್ತು, ಸಾಯೋಕೆ ಅರ್ಜಿ ಕೊಟ್ರೆ ಮೂರೇ ವಾರವಂತೆ, ನಾನು ಯಾವ ಸಾಲಲ್ಲಿ ನಿಂತ್ಕೊಳ್ಳಲಿ ಹೇಳಿ, ಆಗ ಇವನ ಕಣ್ಣು ನಕ್ಕಿತು, ಅಥವಾ ಒದ್ದೆಯಾಯಿತು, ಅದನ್ನು ಅಳೆಯುವ ಉಪಕರಣ ಯಾವ ಲ್ಯಾಬಿನಲ್ಲೂ ಇರಲಿಲ್ಲ, ಇಪ್ಪತ್ತು, ಗುಳ್ಳೆ ಇನ್ನೂ ಇದೆ.

ಅಕ್ಷರದ ಹಲಗೆ ಅವನೇ ಬರೆದದ್ದು, ಈ ಬೀದಿಯ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ, ಬೆರಳು ಸೋಲುತ್ತಿದೆ ಎಂದು ಗೊತ್ತಾದ ತಿಂಗಳಲ್ಲೇ ಹಲಗೆಗೆ ಬಿಳಿ ಬಳಿದು ಕೂತ, ಸಾಲು ಸಾಲಾಗಿ ಅಕ್ಷರ, ಬದಿಗೆ ಕಾಗುಣಿತ, ಳ ಒಂದು ಸ್ವಲ್ಪ ಸೊಟ್ಟಗಿದೆ, ಅದನ್ನು ಮಾತ್ರ ಮೂರು ಸಲ ಒರೆಸಿ ಬರೆದ, ನಾನು ಬೆರಳಿನಿಂದ ಸಾಲು ತೋರಿಸಬೇಕು, ಆಮೇಲೆ ಅಕ್ಷರ, ಆಮೇಲೆ ಕಾಗುಣಿತ, ಒಂದು ಸೆಕೆಂಡು ಕಣ್ಣು ಮುಚ್ಚಿದರೆ ಹೌದು, ಬರೀ ಮಿಟುಕಿದರೆ ಲೆಕ್ಕಕ್ಕಿಲ್ಲ, ಕೊನೆಯಲ್ಲಿ ಬಲಮೂಲೆಗೆ ಒಂದು ಕಪ್ಪು ಚುಕ್ಕೆ ಇಟ್ಟ, ಇದ್ಯಾಕೋ ಅಂದರೆ, ನಾಲಿಗೆ ಆಗಲೇ ತೊದಲುತ್ತಿತ್ತು, ಅಕ್ಕಾ, ಮಾತು ಮುಗಿಯೋಕೆ ಮುಂಚೆ ಉತ್ತರ ಕೊಡೋದು ನಿನ್ನ ಹಳೇ ಚಟ, ಈ ಚುಕ್ಕೆ ಮೇಲೆ ಬೆರಳಿಟ್ಟು ನಾನು ಕಣ್ಣು ಮುಚ್ಚೋವರೆಗೂ ನಂದು ಮುಗಿದಿಲ್ಲ, ತಿಳೀತಾ, ಅವನ ಬಾಯಿಂದ ನಾನು ಕೇಳಿದ ಕೊನೆಯ ಉದ್ದದ ಮಾತು ಅದು, ಅಕ್ಕಾ ಅನ್ನುವಾಗ ನಡುವೆ ಒಂದು ಚೂರು ತಡೆದು ಅನ್ನುತ್ತಿದ್ದ, ಬಾಗಿಲು ತಟ್ಟಿದ ಹಾಗೆ, ಒಂದೇ ಸಲ, ಇನ್ನೊಂದೇ ಸಲ ಹಾಗೆ ತಟ್ಟಿದರೆ ಸಾಕಿತ್ತು, ನೋಡು, ಮತ್ತೆ ಅದೇ ಪದ.

ಬುಧವಾರ ನಾನು ಚುಕ್ಕೆಗೆ ಹೋಗಲಿಲ್ಲ. ಸಾ, ಕು, ಅಷ್ಟಕ್ಕೇ ಹಲಗೆ ಇಳಿಸಿ ಆಯ್ತಪ್ಪಾ ಅಂದು ನಳಿಕೆ ಮುಚ್ಚಿದೆ, ಬೆಳಗಿನಿಂದ ಎರಡು ಸಲ ಹಾಸಿಗೆ ಬದಲಿಸಿದ್ದೆ, ಸೊಂಟ ಬಿದ್ದುಹೋಗಿತ್ತು, ಆ ಪದ ನನ್ನ ಬಾಯಲ್ಲೇ ಸಿದ್ಧವಾಗಿತ್ತು, ಸಾಕಾಗಿದ್ದು ಯಾರಿಗೆ, ಹಲಗೆ ಇಳಿಸುವಾಗ ಅವನ ಕಣ್ಣು ನನ್ನ ಮುಖ ನೋಡಲಿಲ್ಲ, ಹಲಗೆಯ ಜೊತೆಗೇ ಕೆಳಗಿಳಿಯಿತು, ಕಪ್ಪು ಚುಕ್ಕೆಯನ್ನು ಹಿಡಿದುಕೊಂಡು — ಆರು ವರ್ಷದವನಿದ್ದಾಗ ರೆಕ್ಕೆ ಮುರಿದ ಪಾರಿವಾಳವನ್ನು ಚಪ್ಪಲಿ ಡಬ್ಬಿಯಲ್ಲಿ ತಂದಿದ್ದ, ಅಕ್ಕಾ, ಇದನ್ನ ಸಾಕು, ನಾನು ಸಾಕು ಹೋಗೋ ಅಂದೆ, ಒಳಗಿನಿಂದ ಅಮ್ಮ, ನಿಮ್ಮಿಬ್ಬರನ್ನ ಸಾಕೀ ಸಾಕೀ ನಂಗೆ ಸಾಕಾಗಿದೆ, ಈಗ ಇದೊಂದು, ಅವನು ಬಿದ್ದು ಬಿದ್ದು ನಕ್ಕ, ದಿನವೆಲ್ಲ ಸೆರಗು ಹಿಡಿದು ಕೇಳಿದ, ಯಾವ ಸಾಕಮ್ಮಾ, ಬೇಡ ಅನ್ನೋ ಸಾಕಾ, ನೋಡ್ಕೋ ಅನ್ನೋ ಸಾಕಾ, ಆ ಪಾರಿವಾಳ ಹನ್ನೊಂದು ತಿಂಗಳು ಬದುಕಿತು, ಹಾರಲೇ ಇಲ್ಲ, ಅವನ ಹೆಗಲ ಮೇಲೆ ಕೂತು ಊರು ನೋಡಿತು — ಆದರೆ ನನಗೆ ಬೇಕಾದದ್ದು ಎರಡನೆಯ ಸಾಕು, ಆಸೆಯಿಟ್ಟು ಓದಿದ ಅಳತೆ ತಪ್ಪು ಅಳತೆ, ಅದನ್ನೂ ಕಲಿಸಿದ್ದರು, ಹತ್ತು, ಐದು, ಗುಳ್ಳೆ ಒಡೆಯಿತು, ಗಂಟೆ ಬಾರಿಸುತ್ತಿದೆ.

ಡಾಕ್ಟರು ಸ್ಟೂಲಿನ ಮೇಲೆ ಕೂತಿದ್ದಾರೆ, ಮಂಡಿಯ ಮೇಲೆ ಫಾರಂ, ಅವರು ಸಾಕು ಅಂದಿದ್ದು ನಿಜಾನಮ್ಮಾ, ಮೆತ್ತಗಿನ ದನಿ, ಅಂದ ಡಾಕ್ಟ್ರೇ, ಆದ್ರೆ ನಾನು ಪೂರ್ತಿ ಕೇಳಿಸ್ಕೊಂಡಿಲ್ಲ, ಹಲಗೆ ಎತ್ತುತ್ತೇನೆ, ಅವನ ಕಣ್ಣಿಗೆ ನೇರ, ಬುಧವಾರ ಏನೋ ಹೇಳ್ತಿದ್ದೆಯಲ್ಲೋ, ಹೇಳು, ಸಾಲು, ರೆಪ್ಪೆ, ಅಕ್ಷರ, ರೆಪ್ಪೆ, ಸಾ, ಮತ್ತೆ ಮೊದಲಿಂದ, ಕು, ಡಾಕ್ಟರ ಪೆನ್ನು ಕಾಗದ ಮುಟ್ಟಿತು, ತಡೀರಿ, ಬೆರಳನ್ನು ಬಲಮೂಲೆಗೆ ತರುತ್ತೇನೆ, ಚುಕ್ಕೆ, ಎರಡು ಸಲ ಮಿಟುಕಿತು, ಮುಚ್ಚಲಿಲ್ಲ, ಚುಕ್ಕೆಯ ಮೇಲೆ ಬೆರಳು, ಬೆರಳಿನ ಮೇಲೆ ಕಣ್ಣು, ಮುಚ್ಚುತ್ತಿಲ್ಲ, ಅವನದು ಇನ್ನೂ ಮುಗಿದಿಲ್ಲ, ಪೆನ್ನು ಮೇಲೆದ್ದಿದೆ, ಚುಕ್ಕೆ, ತೆರೆದ ಕಣ್ಣು, ಚುಕ್ಕೆ, ಗೋಡೆಯ ಗಡಿಯಾರದಲ್ಲಿ ನಲವತ್ತೊಂದು ಸೆಕೆಂಡು ಕಳೆದಿವೆ.